ಪ್ರತಿಕ್ರಿಯೆ: ಎರಡನೇ ತರಗತಿಯ ಮಕ್ಕಳೊಂದಿಗೆ ಕೌದಿ

ಎರಡನೇ ತರಗತಿಯ 24 ಮಕ್ಕಳಿಂದ ಒಂದು ಕೌದಿ ಹೊಲಿಸಬಹುದೇ, ಅವರ ಕೈಗೆ ಸೂಜಿ ಕೊಡುವುದು ಸರಿಯೇ ಎಂದು ಕೇಳಿದ್ದೀರಿ. ಖಂಡಿತ ಹೊಲಿಸಬಹುದು. ಸೂಜಿಯನ್ನೂ ದಯವಿಟ್ಟು ಕೊಡಿ. ಅಂಟು ಹಚ್ಚಿ ಜೋಡಿಸಿದ್ದು ಹೊದೆಯಲು ಬರುವುದಿಲ್ಲ.

ಪ್ರತಿ ಮಗುವಿಗೆ 9 ಇಂಚಿನ ಒಂದೊಂದು ಚೌಕವನ್ನು ಕತ್ತರಿಸಿಡಿ. ನಾಲ್ಕು ಕಡೆಯೂ ಅರ್ಧ ಇಂಚು ಹೊಲಿಗೆಯೊಳಗೆ ಹೋಗುವುದರಿಂದ, ಸಾಲಿಗೆ ನಾಲ್ಕರಂತೆ ಆರು ಸಾಲು ಜೋಡಿಸಿದಾಗ 32ಕ್ಕೆ 48 ಇಂಚಿನ ಕೌದಿಯಾಗುತ್ತದೆ. ಬಟ್ಟೆ ಮಾತ್ರ ಒಗೆದು ಒಗೆದು ಮೆತ್ತಗಾದ ಹತ್ತಿಯ ಸೀರೆ ಅಥವಾ ಪಂಚೆಯದ್ದೇ ಇರಲಿ, ಏಕೆಂದರೆ ಪಾಲಿಯೆಸ್ಟರ್ ಜಾರುತ್ತದೆ ಮತ್ತು ಪುಟ್ಟ ಬೆರಳುಗಳಿಗೆ ಹಿಡಿತ ಸಿಗುವುದಿಲ್ಲ. ದೊಡ್ಡ ಕಣ್ಣಿನ, ತುದಿ ಅಷ್ಟೇನೂ ಚೂಪಿಲ್ಲದ ಸೂಜಿ ಸಾಕು. ದಾರವು ಮಗುವಿನ ತೋಳಿಗಿಂತ ಉದ್ದವಿದ್ದರೆ ಸಿಕ್ಕಾಗುತ್ತದೆ. ಒಮ್ಮೆಗೆ ನಾಲ್ಕೈದು ಮಕ್ಕಳನ್ನಷ್ಟೇ ಹತ್ತಿರ ಕೂರಿಸಿಕೊಳ್ಳಿ, ಸೂಜಿಗಳನ್ನು ಎಣಿಸಿ ಕೊಟ್ಟು ಎಣಿಸಿಯೇ ಹಿಂದಕ್ಕೆ ಪಡೆಯಿರಿ.

ಚೌಕಗಳನ್ನು ಜೋಡಿಸುವ ಹೊಲಿಗೆಯನ್ನು ನೀವೇ ಯಂತ್ರದಲ್ಲಿ ಹಾಕಿ. ಅಡಿಗೆ ಹಳೆಯ ಸೀರೆಯನ್ನಿಟ್ಟ ಮೇಲೆ ಪದರಗಳನ್ನು ಹಿಡಿದಿಡುವ, ಸೂಜಿಯನ್ನು ಮೇಲೆ ಕೆಳಗೆ ಹಾಯಿಸುತ್ತ ಹೋಗುವ ಸರಳ ರನ್ನಿಂಗ್ ಹೊಲಿಗೆಯನ್ನು ಮಕ್ಕಳಿಗೇ ಬಿಡಿ. ಉತ್ತರ ಕನ್ನಡದ ಸಿದ್ದಿ ಸಮುದಾಯದ ಮಹಿಳೆಯರು ಕೌದಿ ಹೊಲಿಯುವಾಗ ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿಗೆ ಬರುತ್ತಾರೆ. ಸುತ್ತಲೂ ಕುಳಿತು ಹೊಲಿಯುವ ಮಕ್ಕಳಿಗೆ ಈ ಕ್ರಮ ಬಹಳ ಒಗ್ಗುತ್ತದೆ. ಮೂಲೆಗಳಲ್ಲಿ ಸಿದ್ದಿ ಮಹಿಳೆಯರು ಬಟ್ಟೆ ಮಡಿಸಿ ಕೂರಿಸುವ ತ್ರಿಕೋನದ ‘ಫೂಲ’ಗಳನ್ನೂ ಮಕ್ಕಳಿಗೆ ತೋರಿಸಿ. ಸೊಟ್ಟಗಿನ ಹೊಲಿಗೆಯನ್ನು ದಯವಿಟ್ಟು ಬಿಚ್ಚಬೇಡಿ, ಅದು ಯಾರದೆಂದು ಆ ಮಗುವಿಗೆ ಗೊತ್ತಿರುತ್ತದೆ.