ಕೆಲಸ ಉಳಿಯಿತು, ನಿದ್ದೆ ಹೋಯಿತು

(ಆಪ್ತಸಮಾಲೋಚನೆಗೆ ಬಂದವರ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

"ಗೌರವಧನ ಹೆಚ್ಚಾದಾಗಿನಿಂದ ರಾತ್ರಿ ಕಣ್ಣು ಮುಚ್ಚೋಕಾಗ್ತಿಲ್ಲ ಮೇಡಂ" ಎಂದರು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಆ ಅತಿಥಿ ಉಪನ್ಯಾಸಕಿ.

2022ರ ಜನವರಿಯಲ್ಲಿ ಸರ್ಕಾರ, ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಹೇಳುವ ಅರ್ಹತೆ ಮತ್ತು ಐದು ವರ್ಷ ಮೀರಿದ ಸೇವೆ ಇದ್ದವರ ತಿಂಗಳ ಗೌರವಧನವನ್ನು 13,000 ರೂಪಾಯಿಯಿಂದ 32,000ಕ್ಕೆ ಏರಿಸಿತು. ಜೊತೆಗೇ ವಾರದ ಎಂಟು-ಹತ್ತು ಗಂಟೆಯ ಕಾರ್ಯಭಾರ ಹದಿನೈದಾಯಿತು. ಇಬ್ಬರು ಹಂಚಿಕೊಂಡಿದ್ದ ತರಗತಿಗಳಿಗೆ ಒಬ್ಬರೇ ಸಾಕಾದರು. ಕೆ-ಸೆಟ್ (ಉಪನ್ಯಾಸಕರಾಗಲು ರಾಜ್ಯದ ಅರ್ಹತಾ ಪರೀಕ್ಷೆ) ಆಗಿದ್ದ ಇವರು ಉಳಿದರು. ಸ್ಟಾಫ್ ರೂಮಿನಲ್ಲಿ ವರ್ಷಗಟ್ಟಲೆ ಪಕ್ಕದಲ್ಲೇ ಕೂತಿದ್ದ, ಇವರು 'ಅಕ್ಕ' ಎಂದೇ ಕರೆಯುತ್ತಿದ್ದ ಹಿರಿಯರು ಬರಿ ಎಂ.ಎ. ಎಂಬ ಕಾರಣಕ್ಕೆ ಹೊರಬಿದ್ದರು.

'ನಿನ್ನ ತಪ್ಪೇನಿದೆ?' ಎಂದು ಮನೆಯವರೆಲ್ಲ ಹೇಳಿಯಾಗಿತ್ತು. ಆ ಸಮಾಧಾನ ನಾಟುವುದಿಲ್ಲ. ತಪ್ಪು ಇಲ್ಲದಿರಬಹುದು, ಲಾಭವಂತೂ ಆಗಿದೆಯಲ್ಲ! ಹಾಗಾಗಿ ಹಾಳೆ ಕೊಟ್ಟು ಬರೆಯಲು ಹೇಳಿದೆ: ಹದಿನೈದು ಗಂಟೆ ಎಂದವರು ಯಾರು, ಖಾಯಂ ಹುದ್ದೆ ತುಂಬದವರು ಯಾರು, ಆಯ್ಕೆ ಪಟ್ಟಿ ಮಾಡಿದವರು ಯಾರು, ಇದರಲ್ಲಿ ನಿಮ್ಮ ತೀರ್ಮಾನ ಯಾವುದು? ಬಹಳ ಹೊತ್ತು ಯೋಚಿಸಿ ಒಂದೇ ಸಾಲು ಬರೆದರು: "ಪಟ್ಟಿ ಬಂದ ಮೇಲೆ ಅಕ್ಕನಿಗೆ ಒಂದು ಫೋನೂ ಮಾಡಿಲ್ಲ."

ಸರಿಪಡಿಸಬೇಕಾದದ್ದು ಅದೊಂದೇ. ಆದರೆ ಇವರ ಯೋಚನೆ ಬೇರೆಯಿತ್ತು: ತಿಂಗಳಿಗೆ ಐದು ಸಾವಿರ ಗುಟ್ಟಾಗಿ ಅಕ್ಕನ ಖಾತೆಗೆ ಹಾಕುವುದು. ಬೇಡವೆಂದೆ. ಅದು ಅಕ್ಕನ ಕಷ್ಟಕ್ಕಿಂತ ಇವರ ಸಂಕಟಕ್ಕೆ ಮದ್ದು; ಗೊತ್ತಾದ ದಿನ ಅಕ್ಕನಿಗೆ ಇನ್ನೊಂದು ಅವಮಾನ. ಅಕ್ಕನ ಮನೆಗೇ ಹೋಗಿ; ಆದರೆ ಕ್ಷಮೆ ಕೇಳಬೇಡಿ, ಕೇಳಿದರೆ ಸಮಾಧಾನ ಹೇಳುವ ಹೊರೆಯೂ ಅವರದೇ ಆಗುತ್ತದೆ. ಬೈದರೆ ಬೈಸಿಕೊಳ್ಳಿ, ಏನು ಬೇಕೆಂದು ಅವರನ್ನೇ ಕೇಳಿ. 'ಬದುಕಿ ಏನು ಪ್ರಯೋಜನ' ಎಂಬಂಥ ಮಾತು ಬಂದರೆ ಒಬ್ಬರನ್ನೇ ಬಿಟ್ಟು ಬರಬೇಡಿ, ಅಲ್ಲಿಂದಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಎಂದೂ ಹೇಳಿದೆ. ಇವರಿಗೂ, ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣಲು ಸೂಚಿಸಿದೆ.

ಮುಂದಿನ ಭೇಟಿಗೆ ಬಂದಾಗ ನಿದ್ದೆ ತುಸು ಸುಧಾರಿಸಿತ್ತು. ಅಕ್ಕ ಮೊದಲು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದರಂತೆ, ಆಮೇಲೆ ಒಳಗೆ ಕರೆದು ಅರ್ಧ ಗಂಟೆ ಬೈದರಂತೆ, ಹೆಚ್ಚಿನದೆಲ್ಲ ಸರ್ಕಾರಕ್ಕೆ. ಕೆ-ಸೆಟ್ ನೋಟ್ಸ್ ಕೇಳಿ ಇಸಿದುಕೊಂಡರು. ಖಾಸಗಿ ಕಾಲೇಜಿಗೆ ಅರ್ಜಿ ಹಾಕಲು ಸೇವಾ ಪ್ರಮಾಣಪತ್ರ ಬೇಕು, ಆದರೆ ಅದಕ್ಕಾಗಿ ಹಳೆಯ ಕಾಲೇಜಿನ ಗೇಟು ಮಾತ್ರ ತುಳಿಯುವುದಿಲ್ಲವಂತೆ. ಪ್ರಾಂಶುಪಾಲರ ಬೆನ್ನು ಹತ್ತಿ ಅದನ್ನು ಬರೆಸಿಕೊಡುವ ಕೆಲಸವನ್ನು ಇವರು ಒಪ್ಪಿಕೊಂಡು ಬಂದಿದ್ದಾರೆ.