ಹುಟ್ಟಿದ ಹೋತಮರಿಗೆ ಒಂದೇ ಬೀಜವಿದ್ದರೆ ಬೆಳೆದಂತೆ ಸರಿಹೋಗುತ್ತದೆಯೇ?

ನಿಮ್ಮ ಆಡು ಈದ ಅವಳಿ ಹೋತಮರಿಗಳಲ್ಲಿ ಒಂದಕ್ಕೆ ಒಂದೇ ಬೀಜ (ವೃಷಣ) ಇದೆ, ಇನ್ನೊಂದು ತರಡಿನ (ಬೀಜದ ಚೀಲದ) ಹಿಂದಿನ ರಂಧ್ರದಿಂದ ಮೂತ್ರ ಬಿಡುತ್ತದೆ, ಇವು ತಾವಾಗಿ ಸರಿಹೋಗುತ್ತವೆಯೇ, ಆಡು ಗಬ್ಬವಿದ್ದಾಗ ಹಿಡಿದ ಗ್ರಹಣ ಇದಕ್ಕೆ ಕಾರಣವೇ ಎಂದು ಕೇಳಿದ್ದೀರಿ. ಹುನಗುಂದದ ಕಡೆಯ ಹಳ್ಳಿಗಳಲ್ಲಿ ಪಶುವೈದ್ಯನಾಗಿ ಇಂತಹ ಮರಿಗಳನ್ನು ಕಂಡಿದ್ದೇನೆ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ.

ಆಡು, ಕುರಿ, ದನಗಳಲ್ಲಿ ಬೀಜಗಳು ಭ್ರೂಣದ ಹೊಟ್ಟೆಯೊಳಗೆ ಮೂತ್ರಪಿಂಡದ ಬಳಿ ರೂಪುಗೊಂಡು, ತೊಡೆಸಂದಿನ ದಾರಿಯಲ್ಲಿ ಕೆಳಗಿಳಿದು, ಹುಟ್ಟುವ ಮೊದಲೇ ತರಡನ್ನು ಸೇರಿರುತ್ತವೆ. ಕುದುರೆಯಲ್ಲಿ ಈ ಇಳಿತ ಹುಟ್ಟಿನ ಆಸುಪಾಸಿನಲ್ಲಿ ಮುಗಿಯುವುದರಿಂದ ಅಲ್ಲಿ ಕಾದು ನೋಡುವುದಕ್ಕೆ ಅರ್ಥವಿದೆ. ಆಡಿನಲ್ಲಿ ಅಷ್ಟು ಆಸೆ ಇಟ್ಟುಕೊಳ್ಳಬೇಡಿ. ಆದರೂ ಚಳಿಗೆ ಬೀಜ ಮೇಲಕ್ಕೆ ಸೆಳೆದುಕೊಳ್ಳುವುದುಂಟು. ಆದ್ದರಿಂದ ಬಿಸಿಲೇರಿದ ಮೇಲೆ ಮರಿಯನ್ನು ನಿಲ್ಲಿಸಿ, ಹಿಂದಿನಿಂದ ಕೈಹಾಕಿ, ತರಡಿನ ಬುಡದಿಂದ ತೊಡೆಸಂದಿನವರೆಗೆ ಬೆರಳಾಡಿಸಿ ನೋಡಿ.

ವೀರ್ಯಾಣು ಹುಟ್ಟಲು ಮೈಯ ಶಾಖಕ್ಕಿಂತ ಸುಮಾರು 4-5 ಡಿಗ್ರಿ ಸೆಲ್ಸಿಯಸ್ ತಂಪು ಬೇಕು. ಹೊಟ್ಟೆಯಲ್ಲೇ ಉಳಿದ ಬೀಜ ಅದಕ್ಕಾಗಿ ನಿಷ್ಪ್ರಯೋಜಕ, ಆದರೆ ಗಂಡು ಹಾರ್ಮೋನನ್ನು ಮಾತ್ರ ಅದು ಸುರಿಸುತ್ತಲೇ ಇರುತ್ತದೆ. ಹೀಗಾಗಿ ಈ ಮರಿ ಕೊಬ್ಬಿ ಬೆಳೆಯುತ್ತದೆ, ಹೋತದ ನಾತ ಬರುತ್ತದೆ, ಕೆಳಗಿಳಿದಿರುವ ಒಂದೇ ಬೀಜದಿಂದ ಆಡುಗಳನ್ನು ಗಬ್ಬ ಕಟ್ಟಿಸುತ್ತದೆ. ಅಪಾಯವಿರುವುದೇ ಇಲ್ಲಿ, ಏಕೆಂದರೆ ಈ ದೋಷ ವಂಶದಲ್ಲಿ ಇಳಿಯುತ್ತದೆ. ಅಮೀನಗಡದ ಸಂತೆಯಲ್ಲಿ ಬಲ್ಲವರು ತಳಿಗೆ ಬಿಡುವ ಹೋತ ಕೊಳ್ಳುವಾಗ ತರಡು ಮುಟ್ಟಿ ನೋಡುವುದು ಸುಮ್ಮನಲ್ಲ. ಚುಚ್ಚುಮದ್ದಿನಿಂದ ಬೀಜ ಇಳಿಸುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಇಳಿದರೂ ದೋಷ ಮರೆಯಾಗುತ್ತದೆಯೇ ಹೊರತು ರಕ್ತದಿಂದ ಹೋಗುವುದಿಲ್ಲ. ಹೊರಗಿರುವ ಬೀಜವನ್ನಷ್ಟೇ ಒಡೆಸುವುದೂ ತಪ್ಪು, ಏಕೆಂದರೆ ಒಳಗಿನದು ಉಳಿದು ಹೋತದ ಬುದ್ಧಿ ಹಾಗೆಯೇ ಇರುತ್ತದೆ. ನಾಲ್ಕನೆಯ ತಿಂಗಳಿಗೆ ಮೊದಲೇ ಹೆಣ್ಣುಗಳಿಂದ ಬೇರೆ ಕಟ್ಟಿ, ಮೇಯಿಸಿ, ಮಾಂಸಕ್ಕೆ ಮಾರಿ.

ಎರಡನೆಯ ಮರಿಯಲ್ಲಿ ಮೂತ್ರನಾಳದ ಮಡಿಕೆಗಳು ಗರ್ಭದಲ್ಲಿ ಪೂರ್ತಿ ಕೂಡಿಕೊಂಡಿಲ್ಲ. ಧಾರೆ ಸರಾಗವಾಗಿದ್ದು ಗುದದ್ವಾರ ಸರಿಯಿದ್ದರೆ ಅದು ಬದುಕುತ್ತದೆ. ಮೂತ್ರ ತಾಗುವ ಚರ್ಮವನ್ನು ದಿನಾಲು ತೊಳೆದು ಒಣಗಿಸದಿದ್ದರೆ ಮಳೆಗಾಲದಲ್ಲಿ ಹುಳ ಬೀಳುತ್ತವೆ. ಮೂತ್ರ ತಡೆದು ಹೊಟ್ಟೆ ಉಬ್ಬಿದರೆ ಅದೇ ದಿನ ಆಸ್ಪತ್ರೆಗೆ ಒಯ್ಯಿರಿ. ಅದರ ನೆತ್ತಿಯನ್ನೂ ನೋಡಿ: ಕೊಂಬು ಮೂಡುವ ಎರಡು ಕಡೆ ಕೂದಲಿನ ಸುಳಿ ಇಲ್ಲದಿದ್ದರೆ, ಅಪ್ಪ-ಅವ್ವ ಎರಡೂ ಹುಟ್ಟಾ ಕೊಂಬಿಲ್ಲದವಾಗಿದ್ದರೆ, ಅದು ಗಂಡಿನಂತೆ ಕಾಣುವ ಹೆಣ್ಣು ಇರಬಹುದು. ಎತ್ತಿನ ಸುಳಿಯಲ್ಲಿ ಅದೃಷ್ಟ ಹುಡುಕುವ ನಮಗೆ ಈ ಸುಳಿ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಕೊಂಬಿಲ್ಲದ ಗುಣವನ್ನು ಎರಡೂ ಕಡೆಯಿಂದ ಪಡೆದ ಹೆಣ್ಣುಮರಿಗಳಲ್ಲಿ ಇಂತಹ ನಪುಂಸಕತೆ ಕಾಣಿಸುತ್ತದೆ; ಹೋತ ಕೊಂಬಿನದಾದರೆ ಆ ತೊಂದರೆ ಬರುವುದಿಲ್ಲ.

ಅವಳಿಗಳೆರಡರಲ್ಲೂ ದೋಷ ಕಂಡಿರುವುದರಿಂದ ಆ ಜೋಡಿಯನ್ನು ಮತ್ತೆ ಕೂಡಿಸಬೇಡಿ, ಮತ್ತು ಅದೇ ಹೋತಕ್ಕೆ ಹುಟ್ಟಿದ ಉಳಿದ ಗಂಡುಮರಿಗಳ ತರಡನ್ನೂ ಮಾರುವ ಮೊದಲು ಮುಟ್ಟಿ ನೋಡಿ.