ರೊಟ್ಟಿ ಬಡಿಯೋ ಸದ್ದು

ಅಪ್ಪನ ಕೆಲಸ ಹೋಗಿ ಮನೇಲಿ ಊಟಕ್ಕೆ ಇಲ್ಲದಿದ್ರೂ ಯಾರಿಗೂ ಗೊತ್ತಾಗದಂಗೆ ಬದುಕಿದೋರು ಇದ್ದೀರಾ ಅಂತ ಕೇಳಿದೀರ. ಇದ್ದೀವಿ. ನಮ್ಮೂರು ದಾವಣಗೆರೆ.

ಒಂದ್ ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರು, ದೊಡ್ಡ ಬಟ್ಟೆ ಮಿಲ್‌ಗಳು ಒಂದೊಂದೇ ಮುಚ್ಚಿದ ಮೇಲೂ ಅಪ್ಪ ಹತ್ತಿಯಿಂದ ಬೀಜ ಬಿಡಿಸೋ ಒಂದು ಸಣ್ಣ ಜಿನ್ನಿಂಗ್ ಫ್ಯಾಕ್ಟರೀಲಿ ಹೆಂಗೋ ಉಳ್ಕೊಂಡಿದ್ರು. 2002ರ ಬರಗಾಲದಲ್ಲಿ ಹತ್ತಿನೇ ಬರ್ಲಿಲ್ಲ. ಹೇಳಿ ಕಳಿಸ್ತೀವಿ ಅಂದ್ರು, ಹೇಳಿ ಕಳಿಸ್ಲೇ ಇಲ್ಲ.

ನಮ್ದು ವಠಾರದ ಮನೆ, ಈಚೆ ಕೆಮ್ಮಿದ್ರೆ ಗೋಡೆ ಆಚೆ ಕೇಳುತ್ತೆ. ದಿನಾ ಏಳೆಂಟು ರೊಟ್ಟಿ ಬಡಿಯೋ ಮನೇಲಿ ಮೂರಕ್ಕೇ ಸದ್ದು ನಿಂತ್ರೆ ಪಕ್ಕದವರಿಗೆ ಗೊತ್ತಾಗಲ್ವಾ, ಅದಕ್ಕೆ ಅವ್ವ ಏನ್ ಮಾಡ್ತಿದ್ಲು ಅಂದ್ರೆ ಬಡಿದ ರೊಟ್ಟೀನೇ ಮತ್ತೆ ಮುದ್ದೆ ಮಾಡಿ, ಚೂರು ನೀರು ಹಚ್ಚಿ ನಾದಿ, ಮತ್ತೆ ಬಡಿಯೋಳು. ನಾನು ಕೂತು ಎಣಿಸ್ತಿದ್ದೆ, ಕಿವಿಗೆ ಎಂಟು, ಪುಟ್ಟೀಲಿ ಮೂರು. ರಾತ್ರಿಗೆ ಮಂಡಕ್ಕಿ, ಹಸಿಮೆಣಸಿನಕಾಯಿ ಕಡ್ಕೊಂಡು ತಿನ್ನೋದು. ತಟ್ಟೆ ತುಂಬ ಕಾಣುತ್ತೆ, ಒಂದು ಗಂಟೆಗೆ ಹೊಟ್ಟೆ ಮತ್ತೆ ಖಾಲಿ.

ತಂಗಿ ಮೂರನೇ ಕ್ಲಾಸು. ಆಗ ಸರ್ಕಾರಿ ಸ್ಕೂಲಲ್ಲಿ ಹಾಜರಿ ಸರಿ ಇದ್ರೆ ತಿಂಗಳಿಗೆ 3 ಕೆಜಿ ಅಕ್ಕಿ ಕೊಡ್ತಿದ್ರು, ಜ್ವರ ಬಂದ್ರೂ ಅವಳನ್ನ ಕಳಿಸ್ತಿದ್ವಿ, ಈಗ ನೆನೆಸ್ಕೊಂಡ್ರೆ ಸಂಕಟ ಆಗುತ್ತೆ. 2003ರಲ್ಲಿ ನಮ್ಮ ಕಡೆ ಬಿಸಿಯೂಟ ಶುರುವಾಯ್ತು, ಮೊದಲಿಗೆ ಐದನೇ ಕ್ಲಾಸ್‌ವರೆಗೆ ಮಾತ್ರ, ನಾನು ಆರನೇದು. ಅವಳಿಗೆ ಮಧ್ಯಾಹ್ನ ಹೊಟ್ಟೆ ತುಂಬ್ತು, ಆದ್ರೆ ಮನೆಗೆ ಬರ್ತಿದ್ದ ಆ 3 ಕೆಜಿ ನಿಂತು ಹೋಯ್ತು. ರಾತ್ರಿ ಅವಳು "ಸ್ಕೂಲಲ್ಲೇ ಜಾಸ್ತಿ ಉಂಡೆ, ಬೇಡ" ಅನ್ನೋಳು. ನಾನು ಫ್ರೆಂಡ್ ಮನೇಲಿ ತಿಂದೆ ಅಂತಿದ್ದೆ, ಅವ್ವ ಆಮೇಲೆ ಉಣ್ತೀನಿ ಅನ್ನೋಳು. ಹೊರಗಿನವರಿಗೆ ಮುಚ್ಚಿಟ್ಟಿದ್ದಕ್ಕಿಂತ ಒಬ್ಬರಿಗೊಬ್ಬರು ಮುಚ್ಚಿಟ್ಟಿದ್ದೇ ಜಾಸ್ತಿ.

ಇದು ನಿಮ್ಮನೇದೇ ವಿಷ್ಯ ಆಗಿದ್ರೆ ದಯವಿಟ್ಟು ಒಬ್ರಿಗಾದ್ರೂ ಹೇಳಿ, ಕ್ಲಾಸ್ ಟೀಚರ್‌ಗಾದ್ರೂ. ಈಗ ಹತ್ತನೇ ಕ್ಲಾಸ್‌ವರೆಗೂ ಬಿಸಿಯೂಟ ಇದೆ, ತಟ್ಟೆ ಹಿಡ್ಕೊಂಡು ನಿಲ್ಲೋಕೆ ಮಕ್ಕಳಿಗೆ ನಾಚಿಕೆ ಕಲಿಸ್ಬೇಡಿ.

ನಮಗೆ ಹೇಳೋ ಧೈರ್ಯ ಇರ್ಲಿಲ್ಲ. ಒಂದಿನ ಪಕ್ಕದ ಮನೆ ಅಜ್ಜಿ ಸೆರಗಲ್ಲಿ ಎರಡು ಸೇರು ಜೋಳದ ಹಿಟ್ಟು ಕಟ್ಕೊಂಡು ಬಂದು ಒಲೆ ಹತ್ರನೇ ಕೂತ್ಲು. "ಬಡಿಯೋ ಸದ್ದು ಕೇಳ್ತದೆ, ಅಷ್ಟು ರೊಟ್ಟಿ ಬೇಯೋ ವಾಸನೆ ಬರಲ್ಲಲ್ಲವ್ವಾ" ಅಂದ್ಲು. ಅವ್ವ ಏನೂ ಮಾತಾಡ್ಲಿಲ್ಲ, ಹಿಟ್ಟಿನ ಡಬ್ಬಿ ಮುಚ್ಚಳ ತೆಗೆದು ಅಜ್ಜಿ ಮುಂದೆ ಇಟ್ಲು.